ಬಾದಾಮಿಯ ಕಪೋತದ ಬಣ್ಣವೂ ಗಣಕಯಂತ್ರದ ತೆರೆಯೂ

ಬಾದಾಮಿಯ ತೆಂಕಣ ಗುಡ್ಡದಲ್ಲಿರುವ ಮೂರನೆಯ ಗುಹಾಲಯವು ಕಾಲನಿರ್ಣಯದ ವಿಷಯದಲ್ಲಿ ವಿದ್ವಾಂಸರಿಗೆ ಯಾವ ಕಷ್ಟವನ್ನೂ ಕೊಡದ ವಿರಳ ಸ್ಮಾರಕಗಳಲ್ಲೊಂದು. ಚಾಲುಕ್ಯ ಕೀರ್ತಿವರ್ಮನ ರಾಜ್ಯಭಾರದ ಹನ್ನೆರಡನೆಯ ವರ್ಷದಲ್ಲಿ, ಶಕವರ್ಷ ೫೦೦ರ ಕಾರ್ತಿಕ ಪೌರ್ಣಮಿಯ ದಿನ, ಎಂದರೆ ಕ್ರಿ. ಶ. ೫೭೮ರಲ್ಲಿ, ಅವನ ತಮ್ಮನಾದ ಮಂಗಲೇಶನು ಈ ವಿಷ್ಣುಗೃಹವನ್ನು ಸಮಾಪ್ತಿಗೊಳಿಸಿದನೆಂದು ಅಲ್ಲಿಯ ಸಂಸ್ಕೃತ ಶಾಸನವು ತಿಳಿಸುತ್ತದೆ. ಅದನ್ನು ‘ಕಲ್ಮನೆ’ಯೆಂದು ಕರೆದಿರುವ ಕನ್ನಡ ಶಾಸನವೂ ಅಲ್ಲಿಯೇ ಉಂಟು. ಹೀಗೆ ಮಾಡಿಸಿದವನ ಹೆಸರು, ವರ್ಷ, ತಿಥಿ ಎಲ್ಲವೂ ಕಲ್ಲಿನ ಮೇಲೆ ನಿಂತಿರುವ ಈ ಆಲಯದಲ್ಲಿ ನಿಲ್ಲದೆ ಜಾರುತ್ತಿರುವ ಸಂಗತಿಯೆಂದರೆ ಅದರ ಚಿತ್ರಗಳ ಬಣ್ಣ.

ಆ ಚಿತ್ರಗಳು ಮುಖಮಂಟಪದಿಂದ ಮುಂದಕ್ಕೆ ಚಾಚಿದ ಕಪೋತದ ಒಳಬಾಗಿನಲ್ಲಿವೆ. ಸ್ಟೆಲ್ಲಾ ಕ್ರಾಮ್ರಿಷ್ ಎಂಬ ವಿದುಷಿಯು ೧೯೩೬ರಲ್ಲಿ ಭಾರತೀಯ ಪ್ರಾಚ್ಯಕಲಾ ಸಂಘದ ಪತ್ರಿಕೆಯಲ್ಲಿ ಅವುಗಳ ವಿಷಯವಾಗಿ ಬರೆದ ಮೇಲೆ ವಿದ್ವಾಂಸರ ಗಮನವು ಅತ್ತ ಹರಿಯಿತು. ಒಂದು ದೊಡ್ಡ ಫಲಕದಲ್ಲಿ ಅರಮನೆಯ ಸಭೆ. ನಡುವೆ ಸುಖಾಸೀನನಾದ ಒಬ್ಬ ಪುರುಷ. ಅವನೆದುರಿಗೆ ನೃತ್ಯ, ವಾದ್ಯ, ಪರಿವಾರ. ಈ ಪ್ರಧಾನಪುರುಷನು ದೇವಸಭೆಯ ಇಂದ್ರನೋ ಭೂಲೋಕದ ಅರಸನೋ ಎಂಬುದು ವಾದದ ವಿಷಯ. ಅವನ ಮೈಬಣ್ಣವು ನೀಲಿ ಬೆರೆತ ಹಸುರೆಂದು ವಿದ್ವಾಂಸರ ವರ್ಣನೆಗಳಲ್ಲಿ ಬಂದಿದೆ. ಭಾರತೀಯ ಚಿತ್ರಪದ್ಧತಿಯಲ್ಲಿ ಮೈಬಣ್ಣವು ಅಲಂಕಾರಮಾತ್ರವಲ್ಲ. ಆಯುಧ ವಾಹನಗಳಂತೆ ಅದೂ ವ್ಯಕ್ತಿಯನ್ನು ಗುರುತಿಸುವ ಲಕ್ಷಣ. ಆದುದರಿಂದ ಆ ಮೈ ನಿಜವಾಗಿಯೂ ನೀಲಹರಿತವೋ, ಅಥವಾ ಮಸಿ ಹಿಡಿದು ಮಾಸಿದ ಬೂದುಬಣ್ಣವೋ ಎಂಬ ಪ್ರಶ್ನೆಗೆ ಉತ್ತರ ಬೇರೆಯಾದರೆ ಚಿತ್ರದ ಅರ್ಥವೇ ಬೇರೆಯಾಗುವ ಸಂಭವವಿದೆ. ಆದರೆ ಈ ಬಣ್ಣವನ್ನು ಕಪೋತದ ಕೆಳಗೆ ನಿಂತು ಪರೀಕ್ಷಿಸುವವರು ಕೆಲವರು. ಗಣಕಯಂತ್ರದ ತೆರೆಯ ಮೇಲೆ ನೋಡಿ ತೀರ್ಮಾನಿಸುವವರು ಬಹುಮಂದಿ. ಆ ತೆರೆಯು ಹೇಳುವುದೆಷ್ಟು ನಿಜವೆಂಬುದು, ಹೀಗಾಗಿ, ಯಂತ್ರಜ್ಞರಿಗೆ ಮಾತ್ರ ಬಿಟ್ಟ ವಿಷಯವಾಗಿ ಉಳಿದಿಲ್ಲ.

ತೆರೆಯ ಮಾತಿಗೆ ಮುನ್ನ ಸ್ಥಳದ ಮಾತು. ಗುಹೆಗಳನ್ನು ಕೊರೆದಿರುವುದು ಗುಡ್ಡದ ಬಡಗಣ ಮುಖದಲ್ಲಿ. ಕಪೋತದ ಒಳಬಾಗಿಗೆ ನೇರವಾದ ಬಿಸಿಲು ತಟ್ಟುವುದು ಕಡಮೆ. ಅಲ್ಲಿಗೆ ಮುಟ್ಟುವ ಬೆಳಕಿನ ಬಹುಭಾಗವು ನೆಲದಿಂದ, ಕಂಬಗಳಿಂದ, ಎದುರಿನ ಬಂಡೆಗಳಿಂದ ಹೊರಳಿ ಮೇಲೇರಿದ ಬೆಳಕು. ಬಾದಾಮಿಯ ಮರಳುಗಲ್ಲು ಕೆಂಪಾದುದರಿಂದ ಈ ಬೆಳಕೂ ಕೆಂಪನ್ನು ಹೊತ್ತೇ ಬರುತ್ತದೆ. ಕೆಂಪು ಬೆಳಕಿಗೆ ಕಣ್ಣು ಸ್ವಲ್ಪ ಹೊತ್ತಿನಲ್ಲಿಯೇ ಒಗ್ಗಿಕೊಂಡು, ಅದನ್ನೇ ಬಿಳಿಯೆಂದು ಭಾವಿಸತೊಡಗುವುದು. ಆಗ ಬೂದುಬಣ್ಣದ ಮೇಲೆ ಕೆಂಪಿಗೆ ಪ್ರತಿಯಾದ ಹಸುರುನೀಲಿಯ ಛಾಯೆ ಸುಳಿಯುತ್ತದೆ. ಸುತ್ತಲೂ ಕಾವಿಯ ಬಣ್ಣವೇ ಹರಡಿದ್ದರಂತೂ ಈ ಭ್ರಮೆ ಇಮ್ಮಡಿಯಾಗುವುದು.

ಇದನ್ನು ಶಾಸ್ತ್ರೀಯವಾಗಿ ಮೊದಲು ವಿವರಿಸಿದವನು ಚಿತ್ರಕಾರನಲ್ಲ, ಬಣ್ಣಗಾರರ ಮೇಲ್ವಿಚಾರಕನಾಗಿದ್ದ ರಸಾಯನಶಾಸ್ತ್ರಜ್ಞ. ಪ್ಯಾರಿಸಿನ ಗೊಬೆಲಿನ್ ನೇಯ್ಗೆಶಾಲೆಯಲ್ಲಿ ಶೆವ್ರಲ್ ಎಂಬವನು ೧೮೨೪ರಲ್ಲಿ ಬಣ್ಣದ ವಿಭಾಗದ ಅಧಿಕಾರಿಯಾದಾಗ, ಅಲ್ಲಿಯ ಕಪ್ಪು ನೂಲು ಸಾಕಷ್ಟು ಕಪ್ಪಾಗಿಲ್ಲವೆಂಬ ದೂರು ಅವನ ಮುಂದೆ ಬಂತು. ನೂಲನ್ನು ಪರೀಕ್ಷಿಸಲಾಗಿ ಬಣ್ಣದಲ್ಲಿ ದೋಷವಿರಲಿಲ್ಲ; ಪಕ್ಕದಲ್ಲಿ ನೇಯ್ದ ಬಣ್ಣಗಳ ಸಹವಾಸದಿಂದ ಕಪ್ಪು ಕಳೆಗುಂದಿದಂತೆ ಕಾಣುತ್ತಿತ್ತು. ೧೮೩೯ರಲ್ಲಿ ಅವನು ಪ್ರಕಟಿಸಿದ ವರ್ಣವೈಷಮ್ಯದ ಗ್ರಂಥಕ್ಕೆ ಮೂಲ ಈ ದೂರು. ಬಾದಾಮಿಗೆ ದೂರವಲ್ಲದ ಇಳಕಲ್ಲಿನಲ್ಲಿ ಕೆಂಪು ದಡಿಯ ಕರಿಯ ಚಂದ್ರಕಾಳಿ ಸೀರೆಯನ್ನು ನೇಯುವವರಿಗೆ ಗೊಬೆಲಿನ್ನಿನ ಈ ಸಂಗತಿ ಹೊಸತಾಗಿ ತೋರಲಾರದು; ಕೆಂಪಿನ ಮಗ್ಗುಲಲ್ಲಿ ನಿಂತ ಕಪ್ಪು ಒಂಟಿಯಾಗಿ ನಿಂತ ಕಪ್ಪಿನಂತಿರುವುದಿಲ್ಲ.

ಕಣ್ಣನ್ನು ನಂಬಲಾಗದಿದ್ದರೆ ಮಾತನ್ನು ನಂಬಬಹುದೆ? ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದ ಚಿತ್ರಪ್ರಕರಣವು ಈ ವಿಷಯದಲ್ಲಿ ಬಹಳ ಬೋಧಪ್ರದವಾಗಿದೆ. ಗೋಡೆಯನ್ನು ಹದಗೊಳಿಸುವ ಕ್ರಮ, ವಜ್ರಲೇಪದ ಪಾಕ, ಕುಂಚದ ಲಕ್ಷಣ ಇವುಗಳ ಜೊತೆಗೆ ಬಣ್ಣಗಳನ್ನೂ ಅದು ಹೇಳುವುದು. ಆದರೆ ಬಣ್ಣವನ್ನು ಹೇಳುವುದು ಪದಾರ್ಥದ ಮೂಲಕ. ಬಿಳುಪಿಗೆ ಶಂಖದ ಪುಡಿ, ಕೆಂಪಿನ ಬೇರೆ ಬೇರೆ ಬಗೆಗಳಿಗೆ ಇಂಗುಲಿಕ, ಅರಗು, ಕಾವಿ, ಹಳದಿಗೆ ಹರಿತಾಳ, ಕಪ್ಪಿಗೆ ಕಾಡಿಗೆ. ಇದು ಪ್ರಮಾಣದ ಬಹು ಹಳೆಯ ಮಾರ್ಗ: ವಸ್ತುವೇ ಅಳತೆಗೋಲು. ಲೋಕಭಾಷೆಯೂ ಇದೇ ಮಾರ್ಗವನ್ನು ಹಿಡಿದಿದೆ. ಗಿಳಿಹಸುರು, ದಾಳಿಂಬದ ಕೆಂಪು, ನವಿಲುಗೊರಳಿನ ಬಣ್ಣ, ಗಿರಿಕುಂಕುಮ ಎಂಬ ಮಾತುಗಳಲ್ಲಿ ಹಕ್ಕಿಯೋ ಹಣ್ಣೋ ಹಣೆಯ ಬೊಟ್ಟೋ ಸಾಕ್ಷಿಯಾಗಿ ನಿಂತಿದೆ. ಸಾಕ್ಷಿ ಮಾತ್ರ ಒಂದೇ ಮಾತಿನ ಸಾಕ್ಷಿಯಲ್ಲ. ಅರಿಸಿನಕ್ಕೆ ಕ್ಷಾರವನ್ನು ಕೂಡಿಸಿ ಮಾಡುವ ಕುಂಕುಮವು ಕ್ಷಾರದ ಹೆಚ್ಚುಕಡಮೆಗೆ ತಕ್ಕಂತೆ ಮನೆಯಿಂದ ಮನೆಗೆ ಬೇರೆಯಾಗುವುದನ್ನು ಕಾಣದವರಾರು? ಇನ್ನು ‘ಶ್ಯಾಮ’, ‘ನೀಲ’ ಎಂಬ ಸಂಸ್ಕೃತಪದಗಳು ಕಪ್ಪು, ಕಡುನೀಲಿ, ಕಡುಹಸುರುಗಳೆಲ್ಲವನ್ನೂ ಒಡಲೊಳಗಿಟ್ಟುಕೊಂಡಿವೆ. ಕಪೋತದ ಪುರುಷನು ಶ್ಯಾಮವರ್ಣನೆಂದರೆ ಹೇಳಿದಂತೆಯೂ ಆಯಿತು, ಹೇಳದಂತೆಯೂ ಆಯಿತು.

ಮೂರನೆಯ ಉಪಾಯವೆಂದರೆ ಪ್ರತಿ ತೆಗೆಯುವುದು. ಮುಂಬಯಿಯ ಜೆ. ಜೆ. ಕಲಾಶಾಲೆಯ ಜಗನ್ನಾಥ ಅಹಿವಾಸಿಯವರು ಬಾದಾಮಿಯ ಚಿತ್ರಗಳ ಪ್ರತಿಗಳನ್ನು ಬರೆದರು. ಮಾಸಿದ ರೇಖೆಗಳನ್ನು ಓದಲು ಅವು ಮಾಡಿರುವ ಉಪಕಾರ ಅಲ್ಪವಲ್ಲ. ಆದರೂ ರೇಖೆಗೆ ಪ್ರತಿಯು ಸಾಕ್ಷಿಯಾದಷ್ಟು ಬಣ್ಣಕ್ಕೆ ಆಗದು. ಪ್ರತಿ ಬರೆಯುವವನ ಕಣ್ಣೂ ಕೆಂಪು ಬೆಳಕಿನಲ್ಲಿಯೇ ನೋಡಿದ ಕಣ್ಣು; ಅವನ ಕಾಗದವನ್ನು ಮುಂದೆ ನೋಡುವವರು ಮುಂಬಯಿಯ ಬೆಳಕಿನಲ್ಲಿ ನೋಡುವರು. ಅಜಂತೆಯ ಚರಿತ್ರೆಯು ಈ ಮಾರ್ಗದ ಬೇರೆ ಅಪಾಯಗಳನ್ನು ತೋರಿಸಿಕೊಟ್ಟಿದೆ. ಮೇಜರ್ ರಾಬರ್ಟ್ ಗಿಲ್ಲನು ೧೮೪೪ರಿಂದ ಅನೇಕ ವರ್ಷ ದುಡಿದು ತೆಗೆದ ಪ್ರತಿಗಳಲ್ಲಿ ಬಹುಪಾಲು ೧೮೬೬ರಲ್ಲಿ ಲಂಡನ್ನಿನ ಸ್ಫಟಿಕಸೌಧದ ಬೆಂಕಿಗೆ ಆಹುತಿಯಾದುವು. ಗ್ರಿಫಿತ್ಸನು ತನ್ನ ಶಿಷ್ಯರೊಡನೆ ೧೮೭೨ರಿಂದ ಮತ್ತೆ ಬರೆಯಿಸಿದ ಪ್ರತಿಗಳಲ್ಲಿಯೂ ಅನೇಕವು ೧೮೮೫ರಲ್ಲಿ ಸೌತ್ ಕೆನ್ಸಿಂಗ್ಟನ್ನಿನ ಬೆಂಕಿಯಲ್ಲಿ ಹೋದುವು. ಮೂಲವಾದರೂ ನಿಂತಿತೆ? ೧೯೨೦ರಿಂದ ಎರಡು ವರ್ಷ ಇಟಲಿಯ ತಜ್ಞರು ರಕ್ಷಣೆಗೆಂದು ಬಳಿದ ಅರಗಿನ ಲೇಪವು ಕಾಲಕ್ರಮದಲ್ಲಿ ಹಳದಿಗಟ್ಟಿ, ಕೆಳಗಿನ ನೀಲಿ ಬಿಳುಪುಗಳನ್ನೆಲ್ಲ ತನ್ನ ಬಣ್ಣಕ್ಕೆ ಎಳೆದುಕೊಂಡಿತು. ಅದನ್ನು ತೆಗೆಯುವುದು ಪುರಾತತ್ತ್ವ ಇಲಾಖೆಗೆ ಬಹುಕಾಲದ ಕೆಲಸವಾಯಿತು.

ಛಾಯಾಗ್ರಹಣವು ಬಂದಾಗ ಮನುಷ್ಯನ ಪಕ್ಷಪಾತ ತಪ್ಪಿತೆಂದು ಜನ ಹಿಗ್ಗಿದರು. ವರ್ಣಚ್ಛಾಯಾಗ್ರಹಣದ ಮೊದಲ ಪ್ರಯೋಗವೇ ಈ ಹಿಗ್ಗಿಗೆ ತಕ್ಕ ಉತ್ತರ ಕೊಟ್ಟಿದೆ. ೧೮೬೧ರಲ್ಲಿ ಮ್ಯಾಕ್ಸ್‌ವೆಲ್ ಮಹಾಶಯನು ಬಣ್ಣದ ಪಟ್ಟೆಯ ಒಂದು ರಿಬ್ಬನ್ನನ್ನು ಕೆಂಪು, ಹಸುರು, ನೀಲಿ ದ್ರವಗಳ ಮೂಲಕ ಬೇರೆ ಬೇರೆಯಾಗಿ ಚಿತ್ರ ತೆಗೆಯಿಸಿ, ಮೂರನ್ನೂ ಅದೇ ಬಣ್ಣಗಳ ಬೆಳಕಿನಲ್ಲಿ ಒಂದರ ಮೇಲೊಂದು ಬೀಳಿಸಿ, ಮೂಲದ ವರ್ಣಗಳನ್ನು ಲಂಡನ್ನಿನ ಸಭೆಗೆ ತೋರಿಸಿದನು. ಗಣಕಯಂತ್ರದ ತೆರೆಯು ಇಂದಿಗೂ ಈ ಮೂರು ಬಣ್ಣಗಳ ತತ್ತ್ವದ ಮೇಲೆಯೇ ನಿಂತಿದೆ. ಆದರೆ ಆ ಕಾಲದ ಗಾಜಿನ ಫಲಕಗಳು ಕೆಂಪು ಬೆಳಕನ್ನು ಗ್ರಹಿಸುತ್ತಲೇ ಇರಲಿಲ್ಲ. ನೂರು ವರ್ಷಗಳ ಮೇಲೆ, ೧೯೬೧ರಲ್ಲಿ, ರಾಲ್ಫ್ ಇವಾನ್ಸನು ಆ ಪ್ರಯೋಗವನ್ನು ಮತ್ತೆ ಮಾಡಿ ನೋಡಿ, ರಿಬ್ಬನ್ನಿನ ಕೆಂಪು ಭಾಗವು ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಚೆಲ್ಲಿದುದರಿಂದ ಅಲ್ಲಿ ಗುರುತು ಮೂಡಿತೆಂದು ತೋರಿಸಿಕೊಟ್ಟನು. ಕೆಂಪೆಂದು ತೋರಿದ್ದು ಕೆಂಪಿನಿಂದ ಹುಟ್ಟಿದ್ದಲ್ಲ.

ಇಂದಿನ ಕ್ಯಾಮರಾಗಳ ದೋಷ ಬೇರೆ ಬಗೆಯದು, ಬಾದಾಮಿಯ ಮಟ್ಟಿಗೆ ಅದಕ್ಕಿಂತ ಘೋರವಾದುದು. ಬೆಳಕಿನ ಬಣ್ಣವನ್ನು ತಾನೇ ಊಹಿಸಿ ತಿದ್ದುವ ಶಕ್ತಿಯನ್ನು ಅವುಗಳಿಗೆ ಕೊಟ್ಟಿದ್ದಾರೆ. ಈ ಊಹೆಗೆ ಆಧಾರವಾದ ನಿಯಮಗಳಲ್ಲಿ ಹಳೆಯದೂ ಸರಳವೂ ಆದುದೊಂದು, ಯಾವ ದೃಶ್ಯದಲ್ಲಿಯೂ ಎಲ್ಲ ಬಣ್ಣಗಳನ್ನು ಕೂಡಿಸಿ ಸರಾಸರಿ ತೆಗೆದರೆ ಬೂದುಬಣ್ಣ ಬರುವುದೆಂದು ಭಾವಿಸುತ್ತದೆ. ಬಯಲಿನಲ್ಲಿ, ಬೀದಿಯಲ್ಲಿ ಈ ಭಾವನೆ ಹೆಚ್ಚುಕಡಮೆ ಸರಿ. ನೆಲ, ಗೋಡೆ, ಕಂಬ, ಕಪೋತ ಎಲ್ಲವೂ ಕೆಂಪಾದ ಕಲ್ಮನೆಯೊಳಗೆ ಅದು ಸಲ್ಲದು. ಯಂತ್ರವು ಕಲ್ಲಿನ ಕೆಂಪನ್ನು ದೀಪದ ಕೆಂಪೆಂದು ತಿಳಿದು ಅದನ್ನು ಕಳೆಯುವುದಕ್ಕಾಗಿ ಇಡೀ ಚಿತ್ರಕ್ಕೆ ನೀಲಹರಿತವನ್ನು ಬೆರಸುತ್ತದೆ. ವಿವಾದಾಸ್ಪದವಾದ ಮೈಬಣ್ಣವೂ ನೀಲಹರಿತವೇ ಎಂಬುದನ್ನು ಇಲ್ಲಿ ನೆನೆಯಬೇಕು. ಕಣ್ಣಿನ ಭ್ರಮೆ, ಯಂತ್ರದ ಊಹೆ ಎರಡೂ ಒಂದೇ ಕಡೆಗೆ ತಳ್ಳುತ್ತವೆ.

ಮೂರನೆಯದಾಗಿ ತೆರೆಯೂ ಅದೇ ಕಡೆಗೆ ತಳ್ಳುವುದುಂಟು. ಮಾರಾಟಕ್ಕೆ ಬರುವ ಮಾನಿಟರುಗಳನ್ನು ಅಂಗಡಿಯ ಸಾಲಿನಲ್ಲಿ ಎದ್ದು ಕಾಣಲೆಂದು ಅತಿ ಪ್ರಖರವಾಗಿಯೂ ನೀಲಿಯ ಕಡೆಗೆ ವಾಲಿದ ಬಿಳುಪಿನಿಂದಲೂ ಹೊಂದಿಸಿ ಕಳುಹಿಸುವುದು ಸಾಮಾನ್ಯ. ಇದನ್ನು ಸರಿಪಡಿಸುವ ಕ್ರಿಯೆಗೆ ಕ್ಯಾಲಿಬ್ರೇಷನ್ ಎಂದು ಹೆಸರು. ತಂಬೂರಿಯ ಶ್ರುತಿ ಸೇರಿಸುವುದಕ್ಕೆ ಅದನ್ನು ಹೋಲಿಸಬಹುದು. ಹಾಡುಗಾರನು ಎಷ್ಟೇ ಸಮರ್ಥನಾದರೂ ಆಧಾರಸ್ವರವು ಜಾರಿದ್ದರೆ ರಾಗ ನಿಲ್ಲದು. ಆ ಆಧಾರಸ್ವರವನ್ನು ಬಣ್ಣದ ಲೋಕಕ್ಕೆ ದೊರಕಿಸಿದವರು ಅಂತರರಾಷ್ಟ್ರೀಯ ದೀಪ್ತಿ ಆಯೋಗದವರು. ೧೯೨೦ರ ದಶಕದ ಕೊನೆಯಲ್ಲಿ ಇಂಗ್ಲೆಂಡಿನ ರೈಟ್ ಹತ್ತು ಮಂದಿಯ, ಗಿಲ್ಡ್ ಏಳು ಮಂದಿಯ ಕಣ್ಣುಗಳನ್ನು ಪರೀಕ್ಷಿಸಿ, ಯಾವ ಬಣ್ಣಕ್ಕೆ ಸಾಟಿಯಾಗಲು ಕೆಂಪು ಹಸುರು ನೀಲಿ ಬೆಳಕುಗಳು ಎಷ್ಟೆಷ್ಟು ಬೇಕೆಂದು ಅಳೆದರು. ಆ ಅಳತೆಗಳಿಂದ ೧೯೩೧ರಲ್ಲಿ ಆಯೋಗವು ಒಬ್ಬ ಕಲ್ಪಿತ ‘ಪ್ರಮಾಣವೀಕ್ಷಕ’ನನ್ನು ನಿರ್ಮಿಸಿತು. ಹದಿನೇಳು ಮಂದಿಯ ಕಣ್ಣು ಹೀಗೆ ಲೋಕದ ಕಣ್ಣಾಯಿತು. ಸಂಖ್ಯೆ ಅಲ್ಪವಾದರೂ, ಮೂರು ಅಂಕಗಳಿಂದ ಯಾವ ಬಣ್ಣವನ್ನಾದರೂ ಹೆಸರಿಸುವ ಸೌಕರ್ಯವು ಅಲ್ಲಿಂದ ಆರಂಭವಾಯಿತು. ೧೯೭೬ರ ಪರಿಷ್ಕೃತ ಪದ್ಧತಿಯಲ್ಲಿ ಈ ಮೂರು ಅಂಕಗಳು ಬೆಳಕಿನ ಮಟ್ಟವನ್ನೂ, ಕೆಂಪು–ಹಸುರುಗಳ ನಡುವೆ ವಾಲಿಕೆಯನ್ನೂ, ಹಳದಿ–ನೀಲಿಗಳ ನಡುವೆ ವಾಲಿಕೆಯನ್ನೂ ಬೇರೆ ಬೇರೆ ತೋರಿಸುತ್ತವೆ. ಶುದ್ಧವಾದ ಬೂದುಬಣ್ಣಕ್ಕೆ ಎರಡು ವಾಲಿಕೆಗಳೂ ಸೊನ್ನೆ.

ತೆರೆಯನ್ನು ಅಳತೆಗೆ ತರುವ ಕ್ರಮವು ಕಠಿನವಲ್ಲ, ತಾಳ್ಮೆಯನ್ನು ಮಾತ್ರ ಬೇಡುತ್ತದೆ. ಮಾನಿಟರನ್ನು ಅರ್ಧ ಗಂಟೆಯಾದರೂ ಉರಿಯಬಿಟ್ಟು ಅದರ ಬೆಳಕು ಸ್ಥಿರವಾದ ಮೇಲೆ ಕೆಲಸ ಆರಂಭಿಸಬೇಕು. ಕೋಣೆಯ ಬೆಳಕು ಮಂದವೂ ಮಾರ್ಪಡದುದೂ ಆಗಿರಬೇಕು. ಹಿಂದಿನ ಗೋಡೆ ಬಣ್ಣಬಣ್ಣದ್ದಾಗಿರಬಾರದು. ವರ್ಣಮಾಪಕವೆಂಬ ಚಿಕ್ಕ ಉಪಕರಣವನ್ನು ತೆರೆಯ ಮೈಗೆ ಅಂಟಿದಂತೆ ಇಳಿಬಿಟ್ಟರೆ, ಗಣಕಯಂತ್ರವು ಒಂದಾದ ಮೇಲೊಂದು ಬಣ್ಣದ ಚೌಕಗಳನ್ನು ತೋರಿಸುತ್ತ ಹೋಗುತ್ತದೆ. ಉಪಕರಣವು ಪ್ರತಿಯೊಂದನ್ನೂ ಅಳೆಯುತ್ತದೆ. ಸಾಮಾನ್ಯ ಬಳಕೆಗೆ ಬಿಳುಪನ್ನು ೬೫೦೦ ಕೆಲ್ವಿನ್ನಿನ ಹಗಲಬೆಳಕಿಗೂ, ಪ್ರಖರತೆಯನ್ನು ಚದರ ಮೀಟರಿಗೆ ೮೦ರಿಂದ ೧೨೦ ಕ್ಯಾಂಡೆಲಾದೊಳಗೂ, ಕತ್ತಲೆಯಿಂದ ಬೆಳಕಿಗೇರುವ ಮೆಟ್ಟಿಲನ್ನು ಗಾಮಾ ೨.೨ಕ್ಕೂ ನಿಲ್ಲಿಸುವರು. ಇಷ್ಟು ಹೊಂದಿಸಿದ ಮೇಲೂ ಉಳಿಯುವ ತೆರೆಯ ಸ್ವಭಾವವನ್ನು ಒಂದು ಕಡತದಲ್ಲಿ ಬರೆದಿಡುವರು. ೧೯೯೩ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ವರ್ಣಮಂಡಲಿಯು, ಎಂದರೆ ಐ. ಸಿ. ಸಿ.ಯು, ಈ ಕಡತಕ್ಕೆ ಎಲ್ಲ ಯಂತ್ರಗಳೂ ಓದಬಲ್ಲ ಏಕರೂಪವನ್ನು ಕೊಟ್ಟಿತು. ಹೊಂದಿಸುವುದು ಬೇರೆ, ಬರೆದಿಡುವುದು ಬೇರೆ. ಇವೆರಡನ್ನೂ ಒಂದೆಂದು ತಿಳಿಯುವುದು ಅನೇಕರ ತಪ್ಪು. ತೆರೆಯ ದೀಪಗಳು ಬಳಕೆಯಿಂದ ಸೊರಗುವುದರಿಂದ ಆಗಾಗ್ಗೆ ಮತ್ತೆ ಅಳೆಯುವುದೂ ಅವಶ್ಯಕ.

ಹುನಗುಂದ ತಾಲ್ಲೂಕಿಗೆ ಬಹುಕಾಲ ಸೇರಿದ್ದ ಇಳಕಲ್ಲಿನಲ್ಲಿ ಇದೇ ಪ್ರಶ್ನೆಯು ಚರಿತ್ರೆಯ ವಾದವಾಗಿರದೆ ಹೊಟ್ಟೆಯ ಪಾಡಿನ ವಿಷಯವಾಗಿ ಎದುರಾಗುತ್ತದೆ. ಇಳಕಲ್ ಸೀರೆಯ ಒಡಲು ಹತ್ತಿಯದು, ದಡಿ ಸೆರಗುಗಳು ರೇಷ್ಮೆಯವು. ಒಡಲಿನ ಹಾಸಿಗೆ ಸೆರಗಿನ ಹಾಸನ್ನು ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುವ ತೋಪುತೆನೆಯ ಕೆಲಸವು ಈ ಊರಿನ ವಿಶೇಷ. ಬೇರೆ ಬೇರೆಯಾಗಿ ಬಣ್ಣ ಹಾಕಿದ ನೂಲುಗಳು ಒಂದೇ ಬಟ್ಟೆಯಲ್ಲಿ ಪಕ್ಕಪಕ್ಕಕ್ಕೆ ಬಂದು ನಿಲ್ಲುವುದರಿಂದ, ಬಣ್ಣಗಾರನ ಸಣ್ಣ ತಪ್ಪೂ ಸೀರೆಯಲ್ಲಿ ಗೆರೆಯೆಳೆದಂತೆ ತೋರುವುದು. ಮೇಲಾಗಿ ಒಂದೇ ಕೆಂಪನ್ನು ಹತ್ತಿಗೂ ರೇಷ್ಮೆಗೂ ಹಾಕಿದರೆ, ಹತ್ತಿಯು ಎಲ್ಲ ಕಡೆಯಿಂದಲೂ ಒಂದೇ ಸಮನಾಗಿ ಕಾಣುವುದು. ರೇಷ್ಮೆಯು ನೋಡುವ ಕೋನಕ್ಕೆ ತಕ್ಕಂತೆ ಮಿನುಗಿ ಬೇರೆಯಾಗುವುದು.

ಪೂರ್ವದಲ್ಲಿ ದಖ್ಖನದ ಬಣ್ಣಗಾರರಿಗೆ ಕೆಂಪು ಮಡ್ಡಿಯ ಬೇರಿನಿಂದಲೂ ಅರಗಿನಿಂದಲೂ, ನೀಲಿಯು ನೀಲಿಯ ಗಿಡದಿಂದಲೂ ದೊರೆಯುತ್ತಿತ್ತು. ಪಟಿಕ, ಅಳಲೆಕಾಯಿಗಳು ಬಣ್ಣವನ್ನು ಕಚ್ಚಿಸುವ ಸಾಧನಗಳು. ೧೮೫೬ರಲ್ಲಿ ಪರ್ಕಿನ್ನನ ಕೃತಕ ನೇರಳೆ, ೧೮೬೮ರಲ್ಲಿ ಜರ್ಮನಿಯ ಗ್ರೇಬೆ ಲೀಬರ್‌ಮನ್ನರ ಕೃತಕ ಅಲಿಜರಿನ್, ೧೮೯೭ರಲ್ಲಿ ಕಾರ್ಖಾನೆಯ ನೀಲಿ ಇವು ಅನುಕ್ರಮವಾಗಿ ಪೇಟೆಗೆ ಬಂದುವು. ಬೇರೂ ಗಿಡವೂ ಹೋದರೂ ಬಣ್ಣಗಳ ಹೆಸರುಗಳು ಹೋಗಲಿಲ್ಲ. ಹಳೆಯ ಬೇರಿನ ಕೆಂಪೂ ಹೊಸ ಡಬ್ಬಿಯ ಕೆಂಪೂ ಮಧ್ಯಾಹ್ನದ ಬಿಸಿಲಿನಲ್ಲಿ ಸಾಟಿಯಾಗಿ ಕಂಡರೂ, ಅವು ಬೆಳಕಿನ ಬೇರೆ ಬೇರೆ ಭಾಗಗಳನ್ನು ಹೀರುವುದರಿಂದ ದೀಪದ ಕೆಳಗೆ ಅಗಲಿಬಿಡಬಹುದು. ಅಂಗಡಿಯಲ್ಲಿ ಗುಳೇದಗುಡ್ಡದ ಖಣವನ್ನು ಸೀರೆಗೆ ಜೋಡಿಸುವ ಹೆಂಗಸು ಎರಡನ್ನೂ ಹಿಡಿದು ಬಾಗಿಲಿನಾಚೆ ಬಿಸಿಲಿಗೆ ಬರುವುದು ಬರಿಯ ಅನುಮಾನದಿಂದಲ್ಲ; ದೀಪ್ತಿ ಆಯೋಗದವರು ಹಗಲಬೆಳಕನ್ನು ಪ್ರಮಾಣವಾಗಿ ಎತ್ತಿಕೊಳ್ಳುವುದಕ್ಕೆ ಬಹಳ ಮೊದಲಿನಿಂದಲೂ ಸೂರ್ಯನೇ ಪ್ರಮಾಣದೀಪವೆಂದು ಒಪ್ಪಿಕೊಂಡ ನಡೆವಳಿ ಅದು.

ಈಗ ಸೀರೆಯನ್ನು ತೆರೆಯ ಮೇಲೆ ನೋಡಿ ಕೊಳ್ಳುವ ವಾಡಿಕೆ ಹಬ್ಬಿರುವುದರಿಂದ ಬಾಗಿಲಿನಾಚೆ ಬರುವ ಅವಕಾಶವಿಲ್ಲ. ಮೇಲಾಗಿ ೧೯೯೬ರಲ್ಲಿ ಸೂಚಿತವಾಗಿ ೧೯೯೯ರಲ್ಲಿ ಅಂಗೀಕೃತವಾದ ಎಸ್‌ಆರ್‌ಜಿಬಿ ಎಂಬ ವರ್ಣಕ್ಷೇತ್ರವು, ಸಾಮಾನ್ಯ ತೆರೆಗಳಿಗೆಲ್ಲ ಆಧಾರವಾದುದು, ಹಸುರುನೀಲಿಯ ಕಡೆಯಲ್ಲಿ ಬಹಳ ಇಕ್ಕಟ್ಟಾಗಿದೆ. ನವಿಲುಗೊರಳಿನ ಗಾಢವಾದ ರೇಷ್ಮೆಯು ಅದರ ಎಲ್ಲೆಯನ್ನು ದಾಟುವ ಸಂಭವವುಂಟು. ಆಗ ಎಷ್ಟು ಚೆನ್ನಾಗಿ ಶ್ರುತಿಮಾಡಿದ ತೆರೆಯೂ ಎಲ್ಲೆಯೊಳಗಿನ ಸಮೀಪದ ಬಣ್ಣವನ್ನು ತೋರಿಸಿ ಸುಮ್ಮನಾಗುವುದು. ತೆರೆಯ ಮೇಲೆ ಕಂಡ ಬಣ್ಣವಲ್ಲವೆಂದು ಸೀರೆ ಹಿಂದಕ್ಕೆ ಬಂದರೆ ಅಪವಾದ ಬೀಳುವುದು ನೇಕಾರನ ಮೇಲೆ. ಸೀರೆಯ ಚಿತ್ರದೊಡನೆ ಪ್ರಮಾಣಪಟ್ಟಿಯೊಂದನ್ನು ಇಟ್ಟು ಚಿತ್ರ ತೆಗೆಯುವುದೂ, ದೂರದ ವ್ಯಾಪಾರಿಗೆ ನೂಲಿನ ತುಂಡನ್ನೇ ಅಂಚೆಯಲ್ಲಿ ಕಳುಹಿಸುವುದೂ ಈ ನಷ್ಟವನ್ನು ತಗ್ಗಿಸುವ ಮಾರ್ಗಗಳು. ಎರಡನೆಯದು ಹಳೆಯದು; ಹೆಚ್ಚು ನಂಬಿಕೆಗೆ ಅರ್ಹವಾದುದೂ ಅದೇ.

ಕಪೋತದ ಚಿತ್ರದಿಂದ ತುಂಡನ್ನು ಕತ್ತರಿಸಿ ಕಳುಹಿಸುವಂತಿಲ್ಲ. ಅಲ್ಲಿ ಮಾಡಬಹುದಾದುದಿಷ್ಟು. ೧೯೭೬ರಿಂದ ಬಳಕೆಗೆ ಬಂದ ಇಪ್ಪತ್ತನಾಲ್ಕು ಚೌಕಗಳ ವರ್ಣಫಲಕವನ್ನು ಚಿತ್ರದ ಮಗ್ಗುಲಲ್ಲಿ, ಅದೇ ಬೆಳಕು ಬೀಳುವಂತೆ ಹಿಡಿದು ಛಾಯಾಚಿತ್ರ ತೆಗೆಯಬೇಕು. ಕ್ಯಾಮರಾ ತಾನಾಗಿ ಬಿಳುಪನ್ನು ಊಹಿಸದಂತೆ ತಡೆಯಬೇಕು. ಫಲಕದ ಬೂದುಚೌಕಗಳ ತಿಳಿದ ಅಂಕಗಳಿಗೆ ಚಿತ್ರವನ್ನು ಹೊಂದಿಸಿದ ಮೇಲೆ ಆ ಪುರುಷನ ಮೈಯ ಅಂಕವನ್ನು ಓದಬೇಕು. ಕಣ್ಣಿನಿಂದ ಒಂದು ನಿರ್ಣಯವನ್ನೂ ಅಂಕದಿಂದ ಇನ್ನೊಂದನ್ನೂ ತೆಗೆದುಕೊಳ್ಳುವ ಗೊಂದಲ ಬಾರದಂತೆ, ಅಳತೆಗೆ ತಂದ ತೆರೆಯ ಮೇಲೆ ಅದನ್ನು ನೋಡಬೇಕು. ಅಂಕವು ಹಸುರಿನ ಕಡೆಗೂ ನೀಲಿಯ ಕಡೆಗೂ ಸ್ಪಷ್ಟವಾಗಿ ವಾಲಿದರೆ ಇಂದ್ರನನ್ನೋ ಅರಸನನ್ನೋ ಕುರಿತ ವಾದದಲ್ಲಿ ಮೈಬಣ್ಣವು ಸಾಕ್ಷಿಯಾಗಿ ನಿಲ್ಲಬಲ್ಲದು. ಸೊನ್ನೆಯ ಹತ್ತಿರ ನಿಂತರೆ ಆ ನೀಲಹರಿತವು ಸುತ್ತಲಿನ ಕಲ್ಲು ಕೊಟ್ಟದ್ದು. ಆಗ ವಾದವು ಆಸನ, ಆಭರಣ, ಪರಿವಾರಗಳ ಬಲದ ಮೇಲೆಯೇ ನಡೆಯಬೇಕು. ಎರಡರಲ್ಲಿ ಯಾವುದಾದರೂ, ಸಿಕ್ಕುವುದು ಇಂದು ಉಳಿದಿರುವ ಬಣ್ಣದ ಅಂಕವೇ ಹೊರತು ಮಂಗಲೇಶನ ಕಾಲದ ಬಣ್ಣದ್ದಲ್ಲ. ಚಿತ್ರವು ಇನ್ನೂ ಮಾಸುತ್ತಿರುವುದರಿಂದ, ಅಂಕದ ಮಗ್ಗುಲಲ್ಲಿ ಅಳೆದ ವರ್ಷವನ್ನೂ ದಿನವನ್ನೂ ಹೊತ್ತನ್ನೂ ಬೆಳಕನ್ನೂ ಬರೆದಿಡತಕ್ಕದ್ದು.